ತುಟಿಗೆ ಎಚ್ಚರ ಬರುವವರೆಗೆ

ರೋಣದಲ್ಲಿ ನನ್ನ ದವಾಖಾನೆಯ ಹೊರಗೆ ಒಂದು ಕಲ್ಲಿನ ಕಟ್ಟೆಯಿತ್ತು. ಮುಂಜಾನೆ ಆ ದಾರಿಯಲ್ಲಿ ಹಾದುಹೋದವರಿಗೆ ಅಲ್ಲೊಂದು ತಮಾಷೆ ಕಾಣುತ್ತಿತ್ತು. ಪಟಗಾ ಸುತ್ತಿದ ದೊಡ್ಡ ದೊಡ್ಡ ಗಂಡಸರು, ಒಂದು ಕಡೆಯ ತುಟಿ ಜೋತುಬಿದ್ದು, ಬಾಯಿಯ ಮೂಲೆಯಿಂದ ಜೊಲ್ಲು ಸೋರುತ್ತ, ಶಾಲೆಯಲ್ಲಿ ಶಿಕ್ಷೆಗೆ ಕೂರಿಸಿದ ಹುಡುಗರ ಹಾಗೆ ಸಾಲಾಗಿ ಕೂತಿರುತ್ತಿದ್ದರು. ಎಲ್ಲರೂ ಹಲ್ಲು ಕೀಳಿಸಿಕೊಂಡವರು. ಹಲ್ಲು ಹೊರಗೆ ಬಂದಾಗಿದೆ, ರಕ್ತ ನಿಂತಾಗಿದೆ, ಆದರೂ ಮನೆಗೆ ಹೋಗುವಂತಿಲ್ಲ. ತುಟಿಗೆ ಎಚ್ಚರ ಬರುವವರೆಗೆ ಕಟ್ಟೆ ಬಿಟ್ಟು ಏಳಬಾರದು ಅನ್ನುವುದು ನನ್ನ ಕಾನೂನು.

"ಬಾಯಾರ, ಎಮ್ಮಿ ಹಿಂಡೂ ಹೊತ್ತಾತ್ರಿ," ಅಂತ ಯಾರಾದರೂ ರಾಗ ತೆಗೆದರೆ, "ಎಮ್ಮಿ ಕಾಯ್ತೈತಿ. ನಿನ್ನ ತುಟಿ ನೀನ ಕಡಕೊಂಡ್ರ ಎಮ್ಮಿ ಬಂದು ಹೊಲಗಿ ಹಾಕತೈತೇನು? ಕೂಡು ಸುಮ್ನ," ಅನ್ನುತ್ತಿದ್ದೆ.

ನಾನು ಡಾಕ್ಟರು, ಊರಿನವರ ಬಾಯಲ್ಲಿ ಡಾಕ್ಟರ್ ಬಾಯಿ, ಬಾಯಾರು. ಪುಣೆಯಲ್ಲಿ ಓದಿ, ಲಗ್ನವಾಗದೆ, ಆಗುವ ಮನಸ್ಸೂ ಇಲ್ಲದೆ, ರೋಣಕ್ಕೆ ಬಂದು ಬೋರ್ಡು ಹಾಕಿಕೊಂಡು ಕೂತವಳು. ಐವತ್ತರ ದಶಕ ಅದು. ಹೆಂಗಸು ಡಾಕ್ಟರ್ ಅಂದರೆ ಹೆರಿಗೆಗೆ ಮಾತ್ರ ಅಂತ ಊರು ತೀರ್ಮಾನ ಮಾಡಿಬಿಟ್ಟಿತ್ತು. ಆದರೆ ಹಲ್ಲುಬೇನೆ ಬಂದವನಿಗೆ ಗಂಡು ಹೆಣ್ಣು ಅನ್ನುವ ಭೇದ ಎಲ್ಲಿರುತ್ತದೆ? ನೋವಾಗದ ಹಾಗೆ ಹಲ್ಲು ಕೀಳುತ್ತಾಳಂತೆ ಅನ್ನುವ ಸುದ್ದಿ ಬಾಯಿಂದ ಬಾಯಿಗೆ ಹೋಗಿ, ನರಗುಂದದಿಂದಲೂ ಗಜೇಂದ್ರಗಡದಿಂದಲೂ ಜನ ಬರತೊಡಗಿದರು. ಮೊದಮೊದಲು ಕೆಲವರು ಕುರ್ಚಿಯ ಮೇಲೆ ಕೂತು, ಹೆಣ್ಣುಮಗಳ ಮುಂದೆ ಬಾಯಿ ತೆರೆಯುವುದು ಹೇಗೆ ಅಂತ ನಾಚಿಕೊಂಡು ಹಲ್ಲು ಕಚ್ಚಿಕೊಂಡೇ ಇರುತ್ತಿದ್ದರು. "ಮನ್ಯಾಗ ಹೆಂಡತಿ ಮುಂದ ಬಾಯಿ ತಗಿಯೂದಿಲ್ಲೇನು? ಬೈಯಾಕ ತಗೀತಿ, ಉಣ್ಣಾಕ ತಗೀತಿ. ಇಲ್ಲೂ ತಗಿ," ಅಂದರೆ ನಕ್ಕುಬಿಡುತ್ತಿದ್ದರು. ನಕ್ಕಾಗ ಬಾಯಿ ತಾನೇ ತೆರೆಯುತ್ತಿತ್ತು.

ಸಿಟ್ಟು ನನಗೆ ಮೂಗಿನ ಮೇಲೆ. ಸಮಾಧಾನದಲ್ಲಿದ್ದರೆ ಸಂತೆಯ ಹಮಾಲರಿಗೂ ರೀ ಹಚ್ಚಿ ಮಾತಾಡುತ್ತೇನೆ. ಸಿಟ್ಟು ಬಂದರೆ ಮಾಮಲೇದಾರರಿಗೂ "ಏನೋ" ಅನ್ನುತ್ತೇನೆ. ಊರಿಗೆಲ್ಲ ಅದು ಗೊತ್ತಿತ್ತು. ಯಾರೂ ಮನಸ್ಸಿಗೆ ಹಚ್ಚಿಕೊಳ್ಳುತ್ತಿರಲಿಲ್ಲ.

ನನ್ನ ಸೂಜಿಗೆ ಜನ ಜುಮ್ಮಿನ ಸೂಜಿ ಅಂತ ಹೆಸರಿಟ್ಟಿದ್ದರು. ಚುಚ್ಚಿದ ಸ್ವಲ್ಪ ಹೊತ್ತಿಗೆ ತುಟಿಯೆಲ್ಲ ಜುಮ್ಮನೆ ಹಿಡಿದು, ಆಮೇಲೆ ಅಲ್ಲಿ ಮೈ ಇದೆಯೋ ಇಲ್ಲವೋ ಗೊತ್ತಾಗದ ಹಾಗೆ ಆಗುತ್ತಿತ್ತು. ಜನರಿಗೆ ಅದು ಮಾಟದ ಹಾಗೆ ಕಾಣುತ್ತಿತ್ತು. ನರಗುಂದದ ಪೈಲ್ವಾನನೊಬ್ಬ ಬಂದು, ತೊಡೆ ತಟ್ಟಿ ತೋರಿಸಿ, "ಬಾಯಾರ, ಈ ಮೈ ನೋಡ್ರಿ. ಸಣ್ಣ ಮಂದಿಗೆ ಹಾಕೂ ಅಷ್ಟ ನನಗ ಹಾಕಿದ್ರ ಎಲ್ಲಿ ಸಾಲತೈತಿ? ಎರಡ ಸೂಜಿ ಹಾಕ್ರಿ," ಅಂದ.

"ಮೈ ದೊಡ್ಡದೈತ್ರಿ ಪೈಲ್ವಾನರ, ಹಲ್ಲಿನ ನರ ಎಲ್ಲಾರದೂ ಅಷ್ಟ. ಹೆಚ್ಚಿಗಿ ಹಾಕಿದ್ದು ಹಲ್ಲಿನಾಗ ಕುಂದರೂದಿಲ್ಲ, ರಕ್ತದಾಗ ಇಳದು ತಲಿಗೆ ಹೋಗತೈತಿ. ಕಿವಿ ಗುಂಯ್ ಅಂತಾವ, ನಾಲಿಗಿ ತೊದಲತೈತಿ, ಕೈಕಾಲು ಸೆಟದು ಬಡಕೊಳ್ಳಾಕ ಹತ್ತತಾವ. ಅದಕ್ಕೂ ಹೆಚ್ಚಾದ್ರ ಉಸರು, ಎದಿ ಎರಡೂ ಬಂದ್. ಹಾಕ್ಲೇನು ಎರಡು?"

"ಬ್ಯಾಡ್ರಿ. ಅರ್ಧಾ ಹಾಕ್ರಿ," ಅಂದ ಪೈಲ್ವಾನ.

ಆ ಔಷಧಕ್ಕೆ ನಾನು ಹೆದರುತ್ತಿರಲಿಲ್ಲ. ಅದು ಏನೇನು ಮಾಡಬಲ್ಲದು ಅಂತ ಚೆನ್ನಾಗಿ ಗೊತ್ತಿದ್ದುದರಿಂದಲೇ ಹೆದರುತ್ತಿರಲಿಲ್ಲ. ಹಿಂದೆ ಸೂಜಿ ತಗೊಂಡಾಗ ಮೈಮೇಲೆ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ, ಎದೆ ಬೇನೆಯಿದೆಯೇ ಅಂತ ಕೇಳದೆ ನಾನು ಸಿರಿಂಜು ಮುಟ್ಟಿದವಳಲ್ಲ. ಉಪವಾಸದಲ್ಲಿ ಬಂದವರನ್ನು ಉಂಡು ಬರ್ರಿ ಅಂತ ಹಿಂದಕ್ಕೆ ಕಳಿಸುತ್ತಿದ್ದೆ. ಸೂಜಿ ಒಳಗೆ ಹೋದಮೇಲೆ ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದು ನೋಡಬೇಕು. ರಕ್ತ ಬಂತೆಂದರೆ ಸೂಜಿ ರಕ್ತನಾಳದಲ್ಲಿದೆ ಅಂತ ಅರ್ಥ. ಅಲ್ಲಿ ಬಿಟ್ಟರೆ ಸ್ವಲ್ಪ ಔಷಧವೂ ಕೆಟ್ಟದ್ದು ಮಾಡುತ್ತದೆ. ಜಾಗ ಬದಲಿಸಿ, ನಿಧಾನವಾಗಿ, ರೋಗಿಯ ಜೊತೆ ಮಾತಾಡುತ್ತ ಬಿಡಬೇಕು. ಮಾತು ತೊದಲಿದರೆ ನಿಲ್ಲಿಸಬೇಕು. ಕೀವು ತುಂಬಿ ಊದಿದ ಕಡೆ ಚುಚ್ಚಬಾರದು, ಔಷಧ ಹಿಡಿಯುವುದೂ ಇಲ್ಲ, ಕೀವು ಹರಡುತ್ತದೆ. ರಕ್ತನಾಳ ಬಿಗಿಸುವ ಔಷಧ ಬೆರೆಸಿದ್ದನ್ನು ಬೆರಳಿಗೆ ಹಾಕಬಾರದು, ಬೆರಳು ಕಪ್ಪಾಗಿ ಸತ್ತುಹೋದೀತು. ಇಷ್ಟು ಶಿಸ್ತಿದ್ದರೆ ಅದಕ್ಕಿಂತ ಒಳ್ಳೆಯ ಔಷಧವಿಲ್ಲ. ನನ್ನ ಕೈಯಲ್ಲಿ ಅದು ಯಾರ ಜೀವವನ್ನೂ ತೆಗೆಯಲಿಲ್ಲ, ಇದನ್ನು ನಾನು ಗರ್ವದಿಂದಲೇ ಹೇಳುತ್ತೇನೆ.

ಆದರೆ ಸೂಜಿ ಹಾಕುವಾಗಿನ ಅಪಾಯ ನನ್ನ ಕೈಯಲ್ಲಿತ್ತು. ಆಮೇಲಿನ ಅಪಾಯ ರೋಗಿಯ ಕೈಯಲ್ಲಿ. ಚಿಕ್ಕನರಗುಂದದ ಗೌಡರೊಬ್ಬರು ಹಲ್ಲು ಕೀಳಿಸಿಕೊಂಡು ಮನೆಗೆ ಹೋಗಿ, ರೂಢಿಯ ಹಾಗೆ ಎಲೆ ಅಡಿಕೆ ಹಾಕಿಕೊಂಡು, ಅಡಿಕೆಯ ಜೊತೆಗೆ ತಮ್ಮ ಗಲ್ಲದ ಒಳಭಾಗವನ್ನೂ ಅಗಿದುಬಿಟ್ಟಿದ್ದರು. ಎಲೆಯ ಕೆಂಪು ಯಾವುದು, ರಕ್ತದ ಕೆಂಪು ಯಾವುದು ಅಂತ ಮನೆಯವರಿಗೂ ತಿಳಿಯಲಿಲ್ಲವಂತೆ. ಕಟ್ಟೆಯ ಕಾನೂನು ಶುರುವಾದದ್ದು ಅವರಿಂದ.

ಆಗಷ್ಟೇ ಹುಬ್ಬಳ್ಳಿಯಿಂದ ಲಿಗ್ನೊಕೇನ್ ಅನ್ನುವ ಹೊಸ ಔಷಧ ತರಿಸತೊಡಗಿದ್ದೆ. ಹಳೆಯ ಪ್ರೊಕೇನಿಗಿಂತ ಬೇಗ ಹಿಡಿಯುತ್ತಿತ್ತು, ಹೆಚ್ಚು ಹೊತ್ತು ಇರುತ್ತಿತ್ತು. ಹಳೆಯದರಲ್ಲಿ ತಾಸು ಹೊತ್ತಿಗೆ ಎಚ್ಚರಾಗುತ್ತಿದ್ದ ತುಟಿ ಹೊಸದರಲ್ಲಿ ಮೂರು ನಾಲ್ಕು ತಾಸು ಮಲಗಿರುತ್ತಿತ್ತು. ಕಟ್ಟೆಯ ಮೇಲೆ ಗೊಣಗಾಟವೂ ಅಷ್ಟೇ ಹೆಚ್ಚಾಯಿತು.

ಆ ದಿನಗಳಲ್ಲಿ ಒಂದು ಮಧ್ಯಾಹ್ನ ಗಜೇಂದ್ರಗಡದಿಂದ ಸನಾದಿ ಊದುವವನೊಬ್ಬ ಬಂದ. ನಡುವಯಸ್ಸಿನವನು, ತೆಳ್ಳಗೆ, ಮಾತು ಮೆತ್ತಗೆ. ನಾನು ಅವನನ್ನು ನೋಡಿದ್ದು ಅದೇ ಮೊದಲು, ಕೇಳಿದ್ದು ಎಷ್ಟೋ ಸಲ. ನಮ್ಮ ಮೂರೂ ಊರುಗಳಲ್ಲಿ ಅವನ ಸನಾದಿಯಿಲ್ಲದೆ ದೊಡ್ಡವರ ಮನೆಯ ಲಗ್ನ ಆಗುತ್ತಿರಲಿಲ್ಲ. ಗಜೇಂದ್ರಗಡದ ಗುಡ್ಡದ ಮೇಲಿನ ಗುಡಿಯಲ್ಲಿ ನಸುಕಿನ ಸೇವೆ ಅವನ ಮನೆತನದ್ದು. ಕೆಳದವಡೆಯ ಹಿಂದಿನ ಹಲ್ಲು ಹುಳುಕಾಗಿ ಬೇರಿನವರೆಗೆ ಹೋಗಿತ್ತು. ಊತವಿರಲಿಲ್ಲ, ಅದೇ ಪುಣ್ಯ.

"ತಗದಬಿಡೋಣ್ರಿ," ಅಂದೆ.

ಅವನು ಏಳುವ ಹಾಗೆ ಮಾಡಿದ, ಮತ್ತೆ ಕೂತ. "ಬಾಯಾರ, ಇನ್ನ ಹದಿನೈದ ದಿನಕ್ಕ ನನ್ನ ಮಗಳ ಲಗ್ನ ಐತ್ರಿ. ಒಬ್ಬಾಕಿನ ಮಗಳು. ನಮ್ಮ ಮನ್ಯಾಗ ಒಂದ ಪದ್ಧತಿ ಐತ್ರಿ. ಹೆಣ್ಣಿನ ಅಪ್ಪ ಧಾರಿ ಎರದ ಕೈಲೆ ಸನಾದಿ ಹಿಡದು ಊದಬೇಕು. ಆವಾಗ ಮದುಮಕ್ಕಳ ಮ್ಯಾಲ ಅಕ್ಕಿಕಾಳು ಬೀಳಬೇಕು. ನಮ್ಮಪ್ಪ ನಮ್ಮಕ್ಕಗ ಊದಿದ್ದ. ಊರ ಮಂದಿ ಮಕ್ಕಳ ಅಕ್ಕಿಕಾಳಿಗೆಲ್ಲಾ ಊದೇನ್ರಿ ನಾನು. ನನ್ನ ಮಗಳಿಗೆ ಊದಾಕ ಆಗಲಿಲ್ಲಂದ್ರ ನಾ ಯಾಕ ಇರಬೇಕ್ರಿ?"

"ಅದಕ್ಕ ಈಗ ತಗೀಬೇಕು. ಹದಿನೈದ ದಿನದಾಗ ಗಾಯ ಮಾಯ್ತೈತಿ. ಬಿಟ್ರ ಲಗ್ನದ ದಿನಾನ ಬಾವು ಬರತೈತಿ, ಸನಾದಿ ಅಲ್ಲ, ಶೀಟಿ ಸೈತ ಊದಾಕ ಆಗೂದಿಲ್ಲ."

"ತುಟಿಗೆ ಏನೂ ಆಗೂದಿಲ್ಲಲ್ರಿ?"

ಕೆಳತುಟಿಯ ನಡುವೆ, ಸನಾದಿಯ ತುದಿಗೆ ಸಿಕ್ಕಿಸಿ ಊದುವ ಪೀಪಿ ಕೂರುವ ಜಾಗದಲ್ಲಿ, ಅವನಿಗೊಂದು ಸಣ್ಣ ಗಟ್ಟಿ ಗೆರೆಯಿತ್ತು. ಎಷ್ಟೋ ವರ್ಷಗಳ ಗೆರೆ. ಅವನು ಅದನ್ನು ನಾಲಿಗೆಯ ತುದಿಯಿಂದ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ನನ್ನ ಸೂಜಿಲೆ ತುಟಿಗೆ ಏನೂ ಆಗೂದಿಲ್ರಿ. ಮೂರ ನಾಕ ತಾಸ ಮಲಗತೈತಿ, ಆಮ್ಯಾಲ ತಾನ ಏಳತೈತಿ. ನೀವ ಎಬ್ಬಸಾಕ ಹೋಗಬ್ಯಾಡ್ರಿ, ಅಷ್ಟ. ಬಿಸಿ ಬ್ಯಾಡ, ಎಲಿ ಅಡಕಿ ಬ್ಯಾಡ, ತಂಬಾಕ ಸುಣ್ಣ ಬ್ಯಾಡ. ಎಚ್ಚರಾಗೂತನಕ ಕಟ್ಟಿ ಮ್ಯಾಲ ಕೂಡ್ರಿ."

ಕೇಳಬೇಕಾದ್ದನ್ನೆಲ್ಲ ಕೇಳಿ, ಹಿಡಿಯನ್ನು ಎಳೆದು ನೋಡಿ, ನಿಧಾನವಾಗಿ ಬಿಟ್ಟೆ. ಅವನ ಮಗಳ ವಿಷಯ ಮಾತಾಡಿಸುತ್ತ ಹೋದೆ. ಅವನ ಪೀಪಿಯನ್ನು ಊದುವ ಮೊದಲು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಬೇಕಂತೆ. ಸಣ್ಣಾಕಿಯಿದ್ದಾಗಿನಿಂದ ಆ ಕೆಲಸ ಮಗಳದ್ದೇ ಅಂತೆ. ಇನ್ನು ಯಾರು ನೆನೆಸುತ್ತಾರೆ ಅಂತ ಹೇಳುವಾಗ ಅವನ ಕಣ್ಣು ತುಂಬಿದವು. ಅಷ್ಟರಲ್ಲಿ ತುಟಿ ಮಲಗಿತ್ತು. ಹಲ್ಲು ಸಲೀಸಾಗಿ ಬಂತು. "ಬಂತೇನ್ರಿ?" ಅಂತ ಅವನೇ ಆಶ್ಚರ್ಯಪಟ್ಟ.

ಕಟ್ಟೆಯ ಮೇಲೆ ಕೂರಿಸಿ ಒಳಗೆ ಬಂದೆನೋ ಇಲ್ಲವೋ, ಹಿಂದಿನ ಓಣಿಯಿಂದ ಹೆರಿಗೆಯ ಕರೆ ಬಂತು. ಕೂಸು ಅಡ್ಡ ತಿರುಗಿತ್ತು. "ಏಳಬ್ಯಾಡ್ರಿ ಮತ್ತ!" ಅಂತ ಕೂಗಿ ಹೇಳಿಯೇ ಓಡಿದೆ. ತಾಯಿ ಮಗು ಇಬ್ಬರನ್ನೂ ಉಳಿಸಿಕೊಂಡು ಹಿಂದಿರುಗಿದಾಗ ಕಟ್ಟೆ ಖಾಲಿ. ಗಜೇಂದ್ರಗಡದ ಕಡೆಯ ಮೋಟಾರು ಬಂದಿತ್ತು, ಹತ್ತಿ ಹೋಗಿಬಿಟ್ಟಿದ್ದ. ಎದುರಿನ ಚಹಾದಂಗಡಿಯವನು ಹೇಳಿದ. ನಾನು ಆ ಚಹಾದಂಗಡಿಯವನನ್ನೇ ಬೈದೆ. ಅವನದೇನೂ ತಪ್ಪಿರಲಿಲ್ಲ, ಕೈಗೆ ಸಿಕ್ಕವನು ಅವನು.

ಮರುದಿನ ಮೊದಲ ಮೋಟಾರಿಗೇ ಸನಾದಿಯವನೂ ಅವನ ಹೆಂಡತಿಯೂ ಬಂದರು. ಅವನು ಧೋತರದ ಚುಂಗನ್ನು ಬಾಯಿಗೆ ಹಿಡಿದುಕೊಂಡಿದ್ದ. "ತಗೀರಿ," ಅಂದೆ. ತೆಗೆದ. ಅಯ್ಯೋ ಶಿವನೇ! ಕೆಳತುಟಿ ಹೆಬ್ಬೆರಳಷ್ಟು ದಪ್ಪಗಾಗಿತ್ತು. ಆ ಗೆರೆಯಿದ್ದ ಜಾಗದಲ್ಲಿ ದೊಡ್ಡ ಬೊಕ್ಕೆ ಎದ್ದು, ಒಂದು ಕಡೆ ಒಡೆದು ಚರ್ಮ ಸುಲಿದಿತ್ತು. ಬೆಳಕಿಗೆ ತಿರುಗಿಸಿ ನೋಡಿದೆ. ಇದು ಔಷಧದ ದದ್ದಲ್ಲ, ಹಲ್ಲಿನಿಂದ ಕಡಿದುಕೊಂಡದ್ದೂ ಅಲ್ಲ. ಸುಟ್ಟ ಗಾಯ.

"ಏನ ಮಾಡಿಕೊಂಡಿ ಇದನ್ನ?" ರೀ ಎಲ್ಲ ಹಾರಿಹೋಗಿತ್ತು.

ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಹೆಂಡತಿ ಹೇಳಿದಳು. ಗುಡ್ಡದ ಮೇಲೆ ನಸುಕಿನ ಸೇವೆಗೆ ಊದುವಾಗ, ಚಳಿಗಾಲದ ಗಾಳಿಗೆ ತುಟಿ ಮರಗಟ್ಟುತ್ತದಂತೆ. ಮರಗಟ್ಟಿದ ತುಟಿಗೆ ಪೀಪಿ ನಿಲ್ಲುವುದಿಲ್ಲ. ಅದಕ್ಕೆ ಅವರ ಮನೆತನದವರೆಲ್ಲ ಶೆಗಡಿಯ ಕೆಂಡದ ಮೇಲೆ ಮಡಚಿದ ಅರಿವೆ ಕಾಸಿ ತುಟಿಗೆ ಒತ್ತುತ್ತಾರೆ. ಎಷ್ಟು ಹೊತ್ತು ಅಂದರೆ, ಚುರ್ ಅನ್ನುವವರೆಗೆ. ಚುರ್ ಅಂದ ಕೂಡಲೆ ತೆಗೆಯುತ್ತಾರೆ. ಅಜ್ಜ ಮುತ್ತಜ್ಜನಿಂದ ಬಂದ ರೂಢಿ, ಯಾರ ತುಟಿಯೂ ಸುಟ್ಟಿರಲಿಲ್ಲ.

"ಮನಿಗೆ ಬಂದ ಕೂಡಲೇ ಸನಾದಿ ತಗೊಂಡ್ರಿ ಬಾಯಾರ. ತುಟಿ ಐತೋ ಇಲ್ಲೋ ನೋಡತೀನಿ ಅಂತ. ಹಲ್ಲ ಕಿತ್ತ ಬಾಯಿ! ಪೀಪಿ ಜಾರಿ ಜಾರಿ ಬಿತ್ತು. ತುಟಿ ಸತ್ತೈತಿ, ಮಗಳ ಲಗ್ನಾ ಹೋತು ಅಂತ ತಲಿ ಬಡಕೊಂಡ್ರು. ಆಮ್ಯಾಲ ಶೆಗಡಿ ಮುಂದ ಕುಂತ್ರು. ಅರಿವಿ ಕಾಸಿ ಇಟ್ರು, ಚುರ್ ಅನ್ನಲಿಲ್ಲ. ಮತ್ತಷ್ಟು ಕಾಸಿದ್ರು, ಚುರ್ ಅನ್ನಲಿಲ್ಲ. ಇನ್ನಷ್ಟು ಕಾಸಿದ್ರು. ನಾ ಒಳಗ ರೊಟ್ಟಿ ಬಡೀತಿದ್ನಿ. ಹೊರಗ ಬಂದು ನೋಡ್ತೀನಿ, ತುಟಿ ಬೆಳ್ಳಗಾಗೇತಿ. ಉಣ್ಣೂ ಹೊತ್ತಿಗೆ ಎಚ್ಚರಾತ ನೋಡ್ರಿ ಆ ತುಟಿ, ಓಣಿ ಮಂದೆಲ್ಲ ಓಡಿ ಬಂದ್ರು ಇವರು ಚೀರಿದ್ದಕ್ಕ."

ಬಾಯಿಗೆ ಬಂದ ಹಾಗೆ ಬೈದೆ. ಹುಚ್ಚಪ್ಪ ಅಂದೆ, ಕಟ್ಟೆ ಯಾಕೆ ಬಿಟ್ಟೆ ಅಂದೆ, ಎಬ್ಬಿಸಬೇಡ ಅಂತ ಬಾಯಿ ಬಡಿದುಕೊಂಡಿರಲಿಲ್ಲವೇ ಅಂದೆ. ಹೆಂಡತಿ ನನ್ನ ಜೊತೆಗೇ ಸೇರಿ, ನಾನು ಮರೆತಿದ್ದನ್ನೂ ಕೂಡಿಸಿ ಬೈದಳು. ಅವನು ತಲೆ ತಗ್ಗಿಸಿ ಕೂತಿದ್ದ. ಕಣ್ಣೀರು ಆ ಬೊಕ್ಕೆಯ ಮೇಲೆಯೇ ಇಳಿದು, ಉಪ್ಪಿಗೆ ಉರಿದು, ಮೈಯೆಲ್ಲ ನಡುಗಿಸುತ್ತಿತ್ತು. ಅದನ್ನು ನೋಡಿ ನನ್ನ ಸಿಟ್ಟು ಇಳಿಯಿತು.

ಈ ಕತೆ ಹೇಳಿದಾಗೆಲ್ಲ, ಅವತ್ತು ಯಾರನ್ನಾದರೂ ಕಾವಲಿಗೆ ಬಿಟ್ಟು ಹೋಗಬೇಕಿತ್ತು, ತಪ್ಪು ನನ್ನದೂ ಇದೆ ಅಂತ ನಾನು ಒಪ್ಪಿಕೊಳ್ಳುತ್ತೇನೆಂದು ಕೇಳುವವರು ಕಾಯುತ್ತಾರೆ. ಇಲ್ಲ, ಒಪ್ಪಿಕೊಳ್ಳುವುದಿಲ್ಲ. ಅಡ್ಡ ತಿರುಗಿದ ಕೂಸು ಹೊಟ್ಟೆಯಲ್ಲಿದ್ದಾಗ ಕಟ್ಟೆಯ ಕಾವಲಿನ ಚಿಂತೆ ಯಾವ ಡಾಕ್ಟರಿಗೂ ಬರಬಾರದು. ಅವನೂ ಮೂರ್ಖನಾಗಿರಲಿಲ್ಲ. ಬಿಸಿ ಇನ್ನು ಸಾಕು ಅಂತ ಹುಟ್ಟಿದಾಗಿನಿಂದ ಅವನ ತುಟಿಯೇ ಅವನಿಗೆ ಹೇಳುತ್ತ ಬಂದಿತ್ತು. ಆ ಒಂದು ದಿನ ಹೇಳುವ ಬಾಯಿಯನ್ನು ನನ್ನ ಔಷಧ ಮುಚ್ಚಿತ್ತು, ಅದು ಅವನಿಗೆ ಅರ್ಥವಾಗಿರಲಿಲ್ಲ.

ಕಾಸಿ ಆರಿಸಿದ ಉಪ್ಪುನೀರಿನಿಂದ ತೊಳೆದು ಮುಲಾಮು ಹಚ್ಚಿದೆ. ಖಾರ, ಬಿಸಿ, ತಂಬಾಕು ಎಲ್ಲ ಬಂದ್. ತಣ್ಣನೆ ಗಂಜಿ, ಮಜ್ಜಿಗೆ. ಸನಾದಿ ಮುಟ್ಟುವಂತಿಲ್ಲ. ಲಗ್ನದ ಹೊತ್ತಿಗೆ ಮಾಯುತ್ತದೋ ಇಲ್ಲವೋ ಅಂತ ಅವನು ಕೇಳಿದ. ಚರ್ಮದ ಮೇಲ್ಪದರ ಮಾತ್ರ ಹೋಗಿದೆ, ಕೆದರದಿದ್ದರೆ ಮಾಯುತ್ತದೆ ಅಂದೆ. ಸುಮ್ಮನೆ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಗಾಯ ನೋಡಿ ಹೇಳಿದ್ದು.

ಎರಡು ಮೂರು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಬಂದಾಗ ಕುರ್ಚಿಗೆ ಹೋಗುವ ಮೊದಲು ಕಟ್ಟೆಯ ಮೇಲೆ ಕೂತವರಿಗೆಲ್ಲ ತನ್ನ ತುಟಿ ತೋರಿಸಿ, "ಏಳಬ್ಯಾಡ್ರಪಾ, ಬಾಯಾರ ಹೇಳಿದ್ದ ಕೇಳ್ರಿ," ಅನ್ನುತ್ತಿದ್ದ. ಒಮ್ಮೆ ರಾಜೂರಿನ ಒಕ್ಕಲಿಗನೊಬ್ಬ ಅವನನ್ನು ನೋಡಿ, ತನ್ನ ತುಟಿ ಎಚ್ಚರಾದ ಮೇಲೂ ಮತ್ತೊಂದು ತಾಸು ಕೂತೇ ಇದ್ದ. ಗಾಯ ಚಲೋ ಮಾಯುತ್ತಿತ್ತು. ಹೊಸ ಚರ್ಮ ಬಂತು, ಆದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ.

ಲಗ್ನಕ್ಕೆ ಎರಡು ದಿನವಿರುವಾಗ ಬಂದ. ಕಂಕುಳಲ್ಲಿ ಅರಿವೆ ಸುತ್ತಿದ ಸನಾದಿಯಿತ್ತು. ಮುಖ ಕಂಡ ಕೂಡಲೇ ನನಗೆ ತಿಳಿಯಿತು.

"ಊದಿ ನೋಡಿದಿ ಹೌದಲ್ಲೋ?"

"ನೋಡಿದ್ನಿರಿ. ಊದಾಕ ಬರತೈತ್ರಿ. ಆದ್ರ ಸ್ವಲ್ಪ ಹೊತ್ತಿಗೆ ಉರಿ ಏಳತೈತಿ, ತಡಕೊಳ್ಳಾಕ ಆಗೂದಿಲ್ಲ." ಆಮೇಲೆ ಕೈ ಜೋಡಿಸಿದ. "ಬಾಯಾರ, ಲಗ್ನದ ದಿನಾ ನೀವ ಬರ್ರಿ. ಧಾರಿಗಿಂತ ಮೊದಲ ಆ ಜುಮ್ಮಿನ ಸೂಜಿ ಒಂದ ಸಣ್ಣದು ತುಟಿಗೆ ಚುಚ್ಚಿಬಿಡ್ರಿ. ಉರಿ ಗೊತ್ತಾಗೂದಿಲ್ಲ, ನಾ ಊದಿಬಿಡತೀನಿ. ಮುಂದ ತುಟಿ ಹರದ ಹೋದ್ರೂ ಹೋಗ್ಲಿ."

"ಆಗೂದಿಲ್ಲ," ಅಂದೆ.

"ಸಣ್ಣದ್ರಿ."

"ಸಣ್ಣದೂ ಇಲ್ಲ, ದೊಡ್ಡದೂ ಇಲ್ಲ. ಅವತ್ತ ಮನ್ಯಾಗ ಪೀಪಿ ಜಾರಿ ಜಾರಿ ಬಿತ್ತಲ್ಲ, ಮರತಿ ಏನು? ಮಲಗಿದ ತುಟಿಗೆ ಪೀಪಿ ನಿಲ್ಲೂದಿಲ್ಲ. ನಿಂತ್ರೂ, ಎಷ್ಟ ಬಿಗಿ ಹಿಡದೀನಿ ಅಂತ ನಿನಗ ತಿಳಿಯೂದಿಲ್ಲ. ಈ ಹೊಸಾ ಚರ್ಮ ಹರೀತಿರತೈತಿ, ನೀ ಊದಕೋಂತ ಇರತಿ. ಚುರ್ ಅನ್ನಲಿಲ್ಲ ಅಂತ ಶೆಗಡಿ ಮುಂದ ಸುಟಗೊಂಡಿ. ಈಗ ಚುರ್ ಅನ್ನಾಕ ಹತ್ತೈತಿ. ಅದನ್ನ ಮತ್ತ ನಾ ಕಸಗೊಳ್ಳಲೇನು?"

"ಒಂದ ದಿನದ ಸಲುವಾಗಿ ಕೇಳಾಕತ್ತೀನ್ರಿ, ಬಾಯಾರ."

"ಆ ಒಂದ ದಿನದ ಸಲುವಾಗೇ ನಾನೂ ಇಲ್ಲ ಅನ್ನಾಕತ್ತೀನಿ. ಉರಿದ್ರ ತಗಿ. ಉಸರು ತಗೊ. ಮತ್ತ ಊದು. ತುಂಡ ತುಂಡ ಊದು, ಯಾರ ಬ್ಯಾಡ ಅಂತಾರ?"

ಅವನು ಎದ್ದು ನಿಂತ. ಅಷ್ಟು ಮೆತ್ತಗಿನ ಮನುಷ್ಯ, ಮುಖ ಕೆಂಪಾಗಿತ್ತು. "ನಿಮಗ ಮಕ್ಕಳಿಲ್ರಿ. ನಿಮಗ ಹ್ಯಾಂಗ ತಿಳೀಬೇಕು," ಅಂದ. ಸನಾದಿಯನ್ನು ಎತ್ತಿಕೊಂಡು ಹೊರಟುಹೋದ.

ನನಗೆ ನೋವಾಯಿತು. ಸುಳ್ಳೇಕೆ ಹೇಳಲಿ, ಬಹಳ ನೋವಾಯಿತು. ಆ ಊರುಗಳಲ್ಲಿ ಎಷ್ಟು ಕೂಸುಗಳನ್ನು ಮೊದಲು ಹಿಡಿದದ್ದು ನನ್ನ ಕೈ. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಆದರೆ ಸೂಜಿಯ ವಿಷಯದಲ್ಲಿ ಮನಸ್ಸು ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ನೋವು ನನ್ನದು, ತುಟಿ ಅವನದು.

ಮರುದಿನ ಅವನ ಹೆಂಡತಿ ಅರಿಷಿಣ ಹಚ್ಚಿದ ಅಕ್ಕಿಕಾಳು ಹಿಡಿದುಕೊಂಡು ಕರೆಯಲು ಬಂದಳು. "ಅವರ ಮಾತ ಹೊಟ್ಟ್ಯಾಗ ಹಾಕ್ಕೊಳ್ರಿ, ಬಾಯಾರ. ಬರಲಿಲ್ಲಂದ್ರ ಮಗಳು ಹಸಿಮಣಿ ಮ್ಯಾಲ ಕುಂದರೂದಿಲ್ಲಂತ," ಅಂದಳು. ಆ ಹುಡುಗಿ ಹಾಗೆ ಹೇಳಿರಲಾರಳು, ತಾಯಿಯೇ ಕೂಡಿಸಿಕೊಂಡ ಮಾತು ಅಂತ ನನಗೆ ಗೊತ್ತಿತ್ತು. ಆದರೂ ಹಿತವಾಯಿತು.

ಹೋದೆ. ನಾನು ಎಲ್ಲಿಗೆ ಹೋದರೂ ಔಷಧದ ಚೀಲ ಜೊತೆಗಿರುತ್ತದೆ. ಅವತ್ತೂ ಒಯ್ದೆ. ಆದರೆ ಲಿಗ್ನೊಕೇನಿನ ಬಾಟಲಿಯನ್ನು ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕಿಯೇ ಹೊರಟೆ. ಕಣ್ಣೀರಿಗೆ ಕರಗುವವಳು ನಾನಲ್ಲ. ಆದರೂ ಹಂದರದ ಕೆಳಗೆ, ಅಷ್ಟು ಜನರ ಮುಂದೆ, ಒಬ್ಬ ತಂದೆ ಕೈ ಜೋಡಿಸಿದರೆ ಏನಾದೀತೆಂದು ಯಾಕೆ ಪರೀಕ್ಷೆ ಮಾಡಬೇಕು?

ಗಜೇಂದ್ರಗಡದಲ್ಲಿ ಗುಡ್ಡದ ಬುಡದ ಓಣಿಯಲ್ಲಿ ಅವರ ಮನೆ. ಹಂದರದಲ್ಲಿ ಅವನ ತಮ್ಮ ಸನಾದಿ ಊದುತ್ತಿದ್ದ. ಚೆನ್ನಾಗಿಯೇ ಊದುತ್ತಿದ್ದ, ಅಣ್ಣನ ಕೈಗುಣ ಇರಲಿಲ್ಲ, ಅಷ್ಟೆ. ಬೀಗರ ಕಡೆಯ ಹಿರಿಯರು ಹೊತ್ತು ಮೀರುತ್ತದೆ ಅಂತ ಅವಸರ ಮಾಡುತ್ತಿದ್ದರು. ಅವನು ನನ್ನನ್ನು ನೋಡಿದ, ನನ್ನ ಚೀಲವನ್ನು ನೋಡಿದ. ನಾನು ಇಲ್ಲ ಅಂತ ತಲೆಯಲ್ಲಾಡಿಸಿದೆ. ಅವನು ಕಣ್ಣು ಕೆಳಗೆ ಹಾಕಿದ. ಧಾರೆ ಎರೆಯಲು ಹೋಗಿ ನಿಂತ.

ಧಾರೆ ಮುಗಿಯಿತು. ತಮ್ಮ ಊದುವುದನ್ನು ನಿಲ್ಲಿಸಿ ಅಣ್ಣನ ಸನಾದಿ ತಂದು ಕೊಟ್ಟ. ಎಲ್ಲರ ಕೈಯಲ್ಲೂ ಅಕ್ಕಿಕಾಳು. ಆಗ ಆ ಹುಡುಗಿ, ಬಾಸಿಂಗ ಕಟ್ಟಿಕೊಂಡವಳು, ತಲೆ ಎತ್ತದೆಯೇ ಅಪ್ಪನ ಕಡೆ ಅಂಗೈ ಚಾಚಿದಳು. ಅವನು ಪೀಪಿಯನ್ನು ಬಿಚ್ಚಿ ಆ ಅಂಗೈಯಲ್ಲಿಟ್ಟ. ಪಕ್ಕದ ತಂಬಿಗೆಯ ನೀರಿನಲ್ಲಿ ಅದನ್ನು ಅದ್ದಿ, ಎರಡು ಬೆರಳಲ್ಲಿ ಹಿಂಡಿ, ಮೆತ್ತಗಾಯಿತೇ ಅಂತ ನೋಡಿ, ಅವಳು ಹಿಂದಕ್ಕೆ ಕೊಟ್ಟಳು. ಬಳೆಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಅವನು ಊದಿದ.

ನಾನು ಸಂಗೀತ ತಿಳಿದವಳಲ್ಲ. ಅವನ ತುಟಿಯನ್ನೇ ನೋಡುತ್ತ ನಿಂತೆ. ಅಕ್ಕಿಕಾಳು ಬಿದ್ದವು. ಎತ್ತರದ ಸ್ವರಕ್ಕೆ ಹೋದವನು ಥಟ್ಟನೆ ಪೀಪಿಯನ್ನು ತುಟಿಯಿಂದ ಎಳೆದುಕೊಂಡ. ಮುಖ ಕಿವುಚಿದ. ಎರಡನೆಯ ಹಿಡಿ ಅಕ್ಕಿಕಾಳು ಎಸೆಯಲು ಎತ್ತಿದ ಕೈಗಳೆಲ್ಲ ಮೇಲೆಯೇ ನಿಂತುಬಿಟ್ಟವು. "ಮುಗೀತೇನು?" ಅಂತ ಬೀಗರ ಕಡೆಯ ಹಿರಿಯರೊಬ್ಬರು ಕೇಳಿದರು. "ಮುಗದಿಲ್ರಿ, ಕೈ ಇಳಸಬ್ಯಾಡ್ರಿ!" ಅಂತ ನಾನೇ ಕೂಗಿದೆ, ಕರೆಸಿಕೊಂಡು ಬಂದ ಪರವೂರಿನವಳು ನಾನು ಅನ್ನುವುದನ್ನು ಮರೆತು. ಅವನು ಉಸಿರು ತೆಗೆದುಕೊಂಡ. ಮತ್ತೆ ಊದಿದ. ಮತ್ತೆ ಅಕ್ಕಿಕಾಳು. ಮತ್ತೆ ತೆಗೆದ. ಹೀಗೆ ತುಂಡು ತುಂಡಾಗಿ, ಪ್ರತಿ ಸಲ ತುಟಿ ಸಾಕು ಅಂದಲ್ಲಿಗೆ ನಿಲ್ಲಿಸಿ, ಅದು ಆಗಲಿ ಅಂದಮೇಲೆ ಶುರುಮಾಡಿ, ಪೂರ್ತಿ ಊದಿ ಮುಗಿಸಿದ. ಅಷ್ಟು ಸಾವಕಾಶವಾಗಿ ಬಿದ್ದ ಅಕ್ಕಿಕಾಳನ್ನು ನಾನು ಬೇರೆ ಯಾವ ಲಗ್ನದಲ್ಲೂ ನೋಡಿಲ್ಲ.

ಮುಗಿದ ಮೇಲೆ ಸೀದಾ ನನ್ನ ಬಳಿ ಬಂದ. ತುಟಿಯ ಮೇಲೆ ಒಂದೇ ಒಂದು ಹನಿ ರಕ್ತವಿತ್ತು, ಚರ್ಮ ಹರಿದಿರಲಿಲ್ಲ. ನಾನು ಡಾಕ್ಟರ ಕಣ್ಣಿನಿಂದ ಅದನ್ನೇ ಮೊದಲು ನೋಡಿದೆ.

"ಭಾಳ ಉರೀತೇನ್ರಿ?" ಅಂದೆ.

"ಭಾಳ ಉರೀತ್ರಿ ಬಾಯಾರ," ಅಂದ. ಸಣ್ಣ ಹುಡುಗನ ಹಾಗೆ ನಗುತ್ತಿದ್ದ, ಅಳುತ್ತಲೂ ಇದ್ದ. "ಚುರ್ ಅಂದಾಗೊಮ್ಮಿ ತಗದ್ನಿರಿ." ಆಮೇಲೆ ಹಸೆಮಣೆಯ ಕಡೆ ತಿರುಗಿ ಮಗಳನ್ನು ಕರೆದ. "ಬಾ ಯವ್ವಾ, ಇವರ ಕಾಲಿಗೆ ಬೀಳು. ನನಗ ಸೂಜಿ ಹಾಕಾಕ ಒಲ್ಲೆ ಅಂದವರು ಇವರ."

ಔಷಧ ಕೊಟ್ಟದ್ದಕ್ಕೆ ನನ್ನ ಕಾಲಿಗೆ ಬಿದ್ದವರು ಬೇಕಾದಷ್ಟು ಜನ. ಕೊಡದೇ ಇದ್ದದ್ದಕ್ಕೆ ಬಿದ್ದವಳು ಅವಳೊಬ್ಬಳೇ. ಬಾಸಿಂಗ ಓರೆಯಾದರೂ ಬಿಡದೆ ಅವಳನ್ನು ಎತ್ತಿ ತಬ್ಬಿಕೊಂಡೆ, ಹಂದರದ ಜನರೆಲ್ಲ ನೋಡುತ್ತಿದ್ದ ಹಾಗೆಯೇ ಅತ್ತುಬಿಟ್ಟೆ.